ಹೊಂಡದ ದೃಶ್ಯ

ಬೇರೆ ಕಾಲೇಜಿನ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಹಾಸ್ಟೆಲ್ಲಿನ ರೂಮು ರೂಮು ಸುತ್ತುತ್ತಿದ್ದ. ತಾನು ತೆಗೆಯುತ್ತಿರುವ ಭೂತದ ಸಿನಿಮಾದ ಮೊದಲ ದೃಶ್ಯ ತೋರಿಸಿ, ನೋಡಿದವರ ಅಭಿಪ್ರಾಯ ಕೇಳುತ್ತಿದ್ದ. ಕೊನೆಗೆ ತಿಪ್ಪೇಶನ ಬಾಗಿಲು ತಟ್ಟಿದ.

"ನೀವು ಯಾರ ಮುಲಾಜೂ ನೋಡಲ್ವಂತೆ ಅಣ್ಣಾ. ಅದಕ್ಕೇ ಬಂದೆ."

ದೃಶ್ಯದಲ್ಲಿ ಯುವಕನೊಬ್ಬ ಕೋಟೆಯ ಹಳೇ ಹೊಂಡಕ್ಕೆ ಇಳಿದ. ನೀರೊಳಗಿನ ಭೂತ ಅವನ ಕಾಲು ಹಿಡಿದೆಳೆಯುವುದು ಕಥೆ. ಭೂತವನ್ನು ಇನ್ನೂ ಸೇರಿಸಿರಲಿಲ್ಲ. ಯುವಕ ನೀರು ಬಡಿದ, ಕ್ಯಾಮೆರಾದತ್ತ ಕೈಚಾಚಿ ಏನೋ ಕೂಗಿದ, ಮುಳುಗಿದ. ಅಷ್ಟೂ ಹೊತ್ತು ಹುಡುಗ ಪರದೆಯತ್ತ ತಿರುಗಲೇ ಇಲ್ಲ, ತಿಪ್ಪೇಶನ ಮುಖವನ್ನೇ ನೋಡುತ್ತಿದ್ದ.

"ಅವ್ನು ಮುಳುಗಿದ್ದು ನಿಜ ಅನ್ನಿಸ್ತಾ ಅಣ್ಣಾ, ಆಕ್ಟಿಂಗ್ ಅನ್ನಿಸ್ತಾ?"

ತಿಪ್ಪೇಶ ನಕ್ಕುಬಿಟ್ಟ. "ಬರೀ ಓವರ್ ಆಕ್ಟಿಂಗು ಕಣೋ. ಸಾಯೋನು ಯಾವನಾದ್ರೂ ಕ್ಯಾಮೆರಾ ನೋಡ್ತಾನಾ?"

ಹುಡುಗ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ ಎಂದು ತಿಪ್ಪೇಶ ಅಂದುಕೊಂಡಿದ್ದ. ಆದರೆ ಅವನು ಎಷ್ಟೋ ಹೊತ್ತಿನಿಂದ ಹಿಡಿದಿಟ್ಟಂತಿದ್ದ ಉಸಿರನ್ನು ಬಿಟ್ಟ.

"ನಿಜವಾಗ್ಲೂನಾ? ಇನ್ನೊಂದ್ಸಲ ನೋಡಿ ಹೇಳಿ ಅಣ್ಣಾ."

"ನೂರು ಸಲ ನೋಡಿದ್ರೂ ಅಷ್ಟೇ. ಈ ಪ್ರಶ್ನೆ ಎಷ್ಟು ಜನಕ್ಕೆ ಕೇಳಿದ್ದೀಯೋ?"

"ಮೂರು ಹಾಸ್ಟೆಲ್ ಆಯ್ತು. ಎಲ್ರೂ ಆಕ್ಟಿಂಗ್ ಅಂತಾನೇ ಅಂದ್ರು."

"ಮತ್ತಿನ್ನೇನು? ಆ ಮಹಾನಟನ್ನ ಕರ್ಕೊಂಡು ಹೋಗಿ ಇನ್ನೊಂದು ಟೇಕ್ ತಗೋ, ಹೋಗು."

ಹುಡುಗ ಲ್ಯಾಪ್‌ಟಾಪ್ ಮಡಚಿ ಎದೆಗೆ ಅವುಚಿಕೊಂಡ.

"ನಂಗೂ ಆಕ್ಟಿಂಗ್ ಅಂತಾನೇ ಅನ್ನಿಸ್ತು ಅಣ್ಣಾ," ಎಂದ. "ಅದಕ್ಕೇ ನಾನು ನೀರಿಗೆ ಹಾರ್ಲಿಲ್ಲ."