ಹಳದಿ ಹೆಜ್ಜೆಗಳು

"ದಿನಾ ದಾಸವಾಳ ಕದಿಯೋದು ಸಾಲದು ಅಂತ ಹುಲ್ಲೂ ಸುಟ್ಟಿದೀಯ," ಬಡಾವಣೆಯ ಅಧ್ಯಕ್ಷರು ಎಲ್ಲರೆದುರು ಮಾಲಿ ಚಿಕ್ಕಣ್ಣನ ಮೇಲೆ ಹರಿಹಾಯ್ದರು. ಪಾರ್ಕಿನ ಹಸಿರು ಹುಲ್ಲುಹಾಸಿನ ಮೇಲೆ ಹಳದಿ ಹೆಜ್ಜೆಗಳು ಮೂಡಿದ್ದವು.

"ಹೋದ ವಾರ ದಾಸವಾಳದ ಸುತ್ತಲಿನ ಕಳೆಗೆ ಔಷಧಿ ಹೊಡೆದೆ, ಸ್ವಾಮಿ. ತುಳೀಬೇಡಿ ಅಂತ ಬೋರ್ಡೂ ಇಟ್ಟಿದ್ದೆ. ಹೂ ಕೀಳೋಕೆ ಬಂದೋರು ಆ ಹಸಿ ಔಷಧೀನೇ ತುಳ್ಕೊಂಡು ಹುಲ್ಲಿನ ಮೇಲೆ ಹೋಗಿದಾರೆ. ಅವರ ಕಾಲು ಬಿದ್ದಲ್ಲೆಲ್ಲ ಹುಲ್ಲು ಒಣಗಿದೆ."

"ಬಾಯಿ ಮುಚ್ಚು. ಆ ಕಾಲು ನಿಂದೇ."

"ನಂದಾದ್ರೆ ಇವತ್ತೇ ಕೆಲಸ ಬಿಡ್ತೀನಿ. ಹೆಜ್ಜೆ ಎಲ್ಲಿಗೆ ಹೋಗಿದೆ ನೋಡೋಣ, ಬನ್ನಿ."

ಅಧ್ಯಕ್ಷರು ಹಲ್ಲು ಕಡಿಯುತ್ತಾ ಹೆಜ್ಜೆಗಳ ಜಾಡು ಹಿಡಿದು ಹೊರಟರು. ಜನವೂ ಹಿಂದೆ ನಡೆಯಿತು. ಹುಲ್ಲಿನಂಚಿನ ಕೊನೆಯ ಹೆಜ್ಜೆ ಅವರದೇ ಮನೆಯ ಗೇಟಿನೆದುರು ಮುಗಿದಿತ್ತು. ತೆರೆದ ಬಾಗಿಲಿನಾಚೆ ಅವರ ತಾಯಿ ದೇವರಿಗೆ ದಾಸವಾಳ ಏರಿಸಿ ಗಂಟೆ ಬಾರಿಸುತ್ತಿದ್ದರು.