ಅರಬ್ಬಿ ಕಾಗದದ ಕನ್ನಡ ಸಹಿ

"ಸುಕೇಶನೇ ಸೇಫ್ಟಿ ಬೆಲ್ಟ್ ಬಿಚ್ಚಿದ್ದು ಅಂತ ಸಾಕ್ಷಿ ಹೇಳಿದ ಬೇವರ್ಸಿ ಯಾರು? ಅಲ್ಲಿ ಇದ್ದದ್ದು ನಾನೊಬ್ಬನೇ. ಕಂಪನಿ ಅವನಿಗೆ ಬೆಲ್ಟೇ ಕೊಟ್ಟಿರ್ಲಿಲ್ಲ!" ದೂಮಪ್ಪ ಮೇಜಿಗೆ ಗುದ್ದಿದ. ಗಲ್ಫಿನ ಬೌಷರ್ ಊರಿನ ವಕೀಲರ ಕಚೇರಿಯಲ್ಲಿ ಪಕ್ಕದಲ್ಲೇ ಕೂತಿದ್ದ ತಂಗಿ ಲೋಲಾಕ್ಷಿ ಬೆಚ್ಚಿಬಿದ್ದಳು. ಕಟ್ಟಡದ ಕೆಲಸ ಮಾಡುವಾಗ ಆರನೇ ಮಹಡಿಯಿಂದ ಬಿದ್ದು ಸತ್ತ ಸುಕೇಶ ಅವಳ ಗಂಡ.

ಗುಮಾಸ್ತ ಮ್ಯಾಥ್ಯೂ ಸಾಕ್ಷ್ಯ ಕಾನೂನಿನ ದಪ್ಪ ಕೈಪಿಡಿಯಿಂದ ಬೆರಳು ತೆಗೆಯಲಿಲ್ಲ. "ದೂಮಣ್ಣ, ಬೊಬ್ಬೆ ಹಾಕಿ ಎಂತ ಮಾಡುದು? ಸಹಿ ಹಾಕಿದ ಕಾಗದದ ಎದುರು ಬಾಯಿಮಾತು ನಿಲ್ಲುದು ಕಷ್ಟ ಅಂತ ಇದರಲ್ಲೇ ಉಂಟು. ಕಂಪನಿ ಕೋರ್ಟಿಗೆ ಕೊಟ್ಟ ಸಾಕ್ಷಿ ಹೇಳಿಕೆ ಇದು, ನೋಡಿ."

ಪುಟದ ತುಂಬ ಅರಬ್ಬಿ. ಕೆಳಗೆ ಒಂದೇ ಒಂದು ಕನ್ನಡದ ಪದ: ದೂಮಪ್ಪ.

ಅವನ ಕೈ ಮೇಜಿನಿಂದ ಜಾರಿತು. "ಹೆಣ ಊರಿಗೆ ಕಳಿಸ್ಲಿಕ್ಕೆ ಸಹಿ ಬೇಕು ಅಂತ ಕಂಪನಿಯವರು ಅಂದಿದ್ರು ಮಾರಾಯ... ಇಲ್ಲಿ ಎಲ್ಲರೂ ಹಾಗೇ ಹಾಕುದಲ್ವಾ? ಅರಬ್ಬಿ ಓದಿ ಯಾರು ಸಹಿ ಹಾಕ್ತಾರೆ?"

ಲೋಲಾಕ್ಷಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಆ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ಅಣ್ಣನ ಕಡೆ ತಿರುಗದೆ ಮ್ಯಾಥ್ಯೂವನ್ನು ಕೇಳಿದಳು: "ಈ ಸಾಕ್ಷಿ ಸುಳ್ಳುಗಾರ ಅಂತ ನಾನು ಕೋರ್ಟಲ್ಲಿ ಹೇಳ್ಬಹುದಾ ಸರ್?"