ಸೋಂದೆಯ ಪದ

ಅಸ್ಲಂ ಮೊದಲ ಸಾಲು ಎತ್ತಿಕೊಂಡಾಗಲೇ ತಂಬೂರಿಯ ಮೇಲೆ ಗಗನಾಳ ಬೆರಳು ತಡವರಿಸಿತು.

‘ಬೆಳಕ ಬೇಡೆನು ನಾನು, ಬತ್ತಿಯಾಗಿಸು ನನ್ನ...’

ಅದೇ ಪದ. ಅದೇ ಧಾಟಿ. ‘ನನ್ನ’ ಎನ್ನುವಲ್ಲಿ ಗುರುಗಳು ದನಿಯನ್ನು ಒಂದೆಳೆ ಇಳಿಸುತ್ತಿದ್ದ ರೀತಿಯೂ ಅದೇ. ಗುರುಗಳನ್ನು ಬಿಟ್ಟರೆ ತನಗೊಬ್ಬಳಿಗೇ ಗೊತ್ತಿದೆ ಎಂದು ಅವಳು ನಂಬಿದ್ದ ಹಾಡು.

ಶಿರಸಿಯ ಶಾಲೆಯೊಂದರ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ, ಈಚೆಗೆ ತೀರಿಕೊಂಡ ಗುರು ಶಾಂತಾರಾಮ ಹೆಗಡೆಯವರ ಹಾರ ಹಾಕಿದ ಭಾವಚಿತ್ರ. ಮರೆತುಹೋದ ಹಳೆಯ ಪದಗಳನ್ನು ಹುಡುಕಿ ಹಾಡುವ ‘ಹಳೆದನಿ ಬಳಗ’ ಅವರಿಂದಲೇ ಹೆಸರಾಗಿತ್ತು. ಅವರನ್ನು ಬೀಳ್ಕೊಡಲು ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಬಳಗದವರು ಬಂದಿದ್ದರು. ಎದುರಿನ ಸಾಲಿನಲ್ಲಿ ಅವರ ಹೆಂಡತಿ ಸೀತಮ್ಮ. ಸೀತಮ್ಮ ಹಾಡಿದ್ದನ್ನು ಬಳಗದಲ್ಲಿ ಯಾರೂ ಕೇಳಿರಲಿಲ್ಲ. ಅವರಿಗೆ ಹಾಡು ಬಾರದು ಎಂದೇ ಎಲ್ಲರೂ ತಿಳಿದಿದ್ದರು.

ಗಗನಾಗೆ ಈ ಪದ ಸಿಕ್ಕಿದ್ದು ಗುರುಗಳ ಮನೆಯಲ್ಲಲ್ಲ. ಒಂದು ಬೆಳಿಗ್ಗೆ ಅವರು ಅವಳನ್ನು ಹಿಂದೆ ಅರಸರು ಆಳಿದ್ದ ಸೋಂದೆಗೆ ಕರೆದೊಯ್ದು, ಪಾಳುಬಿದ್ದ ಕೆರೆಯ ಮೆಟ್ಟಿಲ ಮೇಲೆ ಕೂರಿಸಿ ಹೇಳಿಕೊಟ್ಟಿದ್ದರು.

“ಅರಸರ ಕಾಲದ್ದು. ಬಾಯಿಂದ ಬಾಯಿಗೆ ಬಂದಿದ್ದು. ನಿಂಗೊಬ್ಬಳಿಗೇ ಕೊಡ್ತಾ ಇದ್ದಿ. ಆನು ಇಪ್ಪಷ್ಟು ದಿನ ಈ ಸೀಮೆಲಿ ಹಾಡಡ. ಮನೆಗೆ ಬಂದಾಗಂತೂ ಗುನುಗಲೂ ಆಗ.”

ತಾವು ಬದುಕಿರುವ ತನಕ ಇಲ್ಲಿ ಹಾಡಬೇಡ ಎನ್ನುವುದಕ್ಕೆ ಅವರು ಕೊಟ್ಟ ಕಾರಣ, ಹತ್ತಿರದವರ ಕಿವಿಗೆ ಬಿದ್ದರೆ ಇಂಥದ್ದು ಸಸಾರವಾಗುತ್ತದೆ ಎನ್ನುವುದು. ಅವರೂ ಅದನ್ನು ಪುಣೆ, ಧಾರವಾಡಗಳಲ್ಲಿ ಮಾತ್ರ ಹಾಡುತ್ತಿದ್ದರು. ಧ್ವನಿಮುದ್ರಣಕ್ಕೆ ಬಿಡುತ್ತಿರಲಿಲ್ಲ. ಒಮ್ಮೆ ಪುಣೆಯವರು ಗಗನಾಳನ್ನೇ ಹುಡುಕಿಕೊಂಡು ಬಂದು, ಆ ಪದ ಹಾಡಿಕೊಟ್ಟರೆ ಅವಳದೇ ಹೆಸರಿನಲ್ಲಿ ಹೊರತರುತ್ತೇವೆ ಎಂದಾಗ ಅವಳು ಕೈಮುಗಿದು ಕಳಿಸಿದ್ದಳು. ಮಾತೆಂದರೆ ಮಾತು.

ಇವತ್ತು ಕೊನೆಯಲ್ಲಿ ಅವಳದೇ ಹಾಡು. ಗುರುಗಳಿಲ್ಲ, ಮಾತಿನ ಗಡುವೂ ಮುಗಿದಿದೆ. ಇದನ್ನೇ ಹಾಡಬೇಕೆಂದು ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡು ಬಂದಿದ್ದಳು.

ಅಸ್ಲಂ ಎರಡನೆಯದಾದ ಕೊನೆಯ ನುಡಿ ಮುಗಿಸಿದ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಸೀತಮ್ಮ ಎದ್ದರು. ಯಾರ ಮುಖವನ್ನೂ ನೋಡದೆ ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

ಗಂಡ ಗುಟ್ಟಾಗಿ ಕಾಪಾಡಿದ್ದ ಪದವನ್ನು ಇನ್ನೊಬ್ಬನ ಬಾಯಲ್ಲಿ ಕೇಳಲು ಅವರಿಗೆ ಆಗಲಿಲ್ಲ ಎಂದುಕೊಂಡಳು ಗಗನಾ. ತಂಬೂರಿಯನ್ನು ಪಕ್ಕದವರ ಕೈಗಿತ್ತು, ಅಸ್ಲಮನ ಹಿಂದೆಯೇ ವೇದಿಕೆ ಇಳಿದಳು. ಜಗಲಿಯಲ್ಲಿ ಅವನನ್ನು ತಡೆದು ನಿಲ್ಲಿಸಿದಳು.

“ಎಲ್ಲಿಂದ ಕದ್ದೆ ಅಸ್ಲಂ, ಆ ಪದಾನ?”

ಯಲ್ಲಾಪುರದಲ್ಲಿ ಟೆಂಪೊ ಇಟ್ಟುಕೊಂಡಿದ್ದ ಅಸ್ಲಂ ಅವಳಿಗಿಂತ ಚಿಕ್ಕವನು. ಯಾವತ್ತೂ ಎದುರು ಮಾತಾಡಿದವನಲ್ಲ. ಈಗ ಅವನ ಮುಖ ಕೆಂಪೇರಿತು.

“ಕದಿಯೋದಾ? ಗುರುಗಳೇ ಕಲಿಸಿದ್ದು ಅಕ್ಕಾ. ಸೋಂದೆಗೆ ಕರ್ಕೊಂಡ್ಹೋಗಿ, ಕೆರೆ ಮೆಟ್ಟಿಲ ಮೇಲೆ ಕೂರ್ಸಿ. ನಿಂಗೊಬ್ಬನಿಗೇ ಅಂದ್ರು. ನಾನಿರೋ ತನಕ ಇಲ್ಲಿ ಹಾಡ್ಬೇಡ, ಮನೆಗೆ ಬಂದ್ರೆ ಗುನುಗ್ಲೂಬೇಡ ಅಂದ್ರು. ಇವತ್ತೂ ಹಾಡ್ಲಿಲ್ಲ ಅಂದ್ರೆ ಇನ್ಯಾವಾಗ ಹಾಡ್ಲಿ?”

ಅದೇ ಮೆಟ್ಟಿಲು, ಅದೇ ಮಾತು. ಇಷ್ಟು ವರ್ಷ ಎದೆಯೊಳಗೆ ದೀಪದ ಹಾಗೆ ಕಾಪಾಡಿಕೊಂಡು ಬಂದದ್ದನ್ನು ಆ ಮನುಷ್ಯ ಇಬ್ಬರಿಗೂ ಹಂಚಿದ್ದ. ಇಬ್ಬರಿಗೂ ಸುಳ್ಳು ಹೇಳಿದ್ದ.

“ನಂಗೂ ಹಂಗೇ ಹೇಳಿದ್ರು,” ಎಂದಳು ಗಗನಾ.

ಅಸ್ಲಂ ಗೋಡೆಗೆ ಒರಗಿದ. ಒಂದೇ ಬಾಯಿಂದ ಮೋಸಹೋದ ಇಬ್ಬರೂ ಒಬ್ಬರನ್ನೊಬ್ಬರು ನೋಡಲು ನಾಚಿ ಅಂಗಳದ ಕಡೆ ತಿರುಗಿದರು. ಅಲ್ಲಿ, ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಸೀತಮ್ಮ ಕೂತಿದ್ದರು. ಇಬ್ಬರೂ ಹತ್ತಿರ ಹೋದರು.

“ಅಮ್ಮಾ, ತಪ್ಪಾತು,” ಎಂದಳು ಗಗನಾ. “ನಿಂಗಕ್ಕೆ ಬೇಜಾರಾತೇನ.”

ಸೀತಮ್ಮ ಅವರತ್ತ ತಿರುಗಿದರು. “ಇವ್ರು ಇದನ್ನ ಹೊರಗೆ ಹಾಡ್ತಿದ್ರಾ?”

“ಹೌದು. ಪುಣೆಲಿ, ಧಾರವಾಡದಲ್ಲಿ,” ಎಂದಳು ಗಗನಾ.

“ಜನ ಕೇಳ್ತಿದ್ರಾ?”

“ಎದ್ದು ನಿಲ್ತಿದ್ರು ಅಮ್ಮಾ,” ಎಂದ ಅಸ್ಲಂ. “ಪುಣೆಗೆ ನಾನೇ ಗಾಡಿ ಓಡ್ಸಿದ್ದೆ. ಕಣ್ಣಾರೆ ನೋಡೀನಿ.”

“ಯಾರು ಕಟ್ಟಿದ್ದು ಹೇಳ್ತಿದ್ರು?”

“ಸೋಂದೆ ಅರಸರ ಕಾಲದ್ದು, ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ ಅಂತಿದ್ರು,” ಎಂದಳು ಗಗನಾ.

ಸೀತಮ್ಮ ತಲೆಯಾಡಿಸಿದರು. ಆಮೇಲೆ, ಬಳಸದೆ ಬಿಗಿದುಹೋದ ದನಿಯಲ್ಲಿ, ಮೆಲ್ಲಗೆ ಹಾಡಿದರು:

‘ಉರಿದು ಉಳಿದ ಮಸಿಯ ಕಾಡಿಗೆ ಮಾಡಿಡು, ಕಂದನ ಕಣ್ಣಂಚಿಗೆ...’

ಶ್ರುತಿ ಒಂದು ಕೂದಲೆಳೆಯೂ ಜಾರಲಿಲ್ಲ. ಅಸ್ಲಂ ಬೆರಗಾಗಿ ಗಗನಾಳ ಮುಖ ನೋಡಿದ. ಇಂಥದೊಂದು ಮೂರನೆಯ ನುಡಿ ಅವರಿಬ್ಬರಿಗೂ ಗೊತ್ತಿರಲಿಲ್ಲ.

ಗಗನಾಳ ಎದೆ ಮತ್ತೊಮ್ಮೆ ಉರಿಯಿತು. ಹಾಗಾದರೆ ಪದವನ್ನು ಪೂರ್ತಿ ಕೊಟ್ಟಿದ್ದು ಮನೆಯವರಿಗೆ. ನಂಬಿ ಬಂದ ಶಿಷ್ಯರಿಗೆ ಅರ್ಧ.

“ಈ ನುಡಿ ನಿಂಗಕ್ಕೆ ಮಾತ್ರ ಹೇಳ್ಕೊಟ್ಟಿದ್ರಾ ಅಮ್ಮಾ?” ಅವಳ ದನಿಯಲ್ಲಿದ್ದ ಕಹಿ ಅವಳಿಗೇ ಕೇಳಿಸಿತು.

“ಅವ್ರಿಗೆ ಇದು ಗೊತ್ತೇ ಇಲ್ಲೆ ತಂಗಿ,” ಎಂದರು ಸೀತಮ್ಮ. “ಆನು ಈ ನುಡಿಗೆ ಬಪ್ಪದರ ಒಳಗೇ, ‘ನೀನು ಕಟ್ಟಿದ್ದು ಚೊಲೋ ಇಲ್ಲೆ, ಇನ್ನು ಯಾರೆದುರೂ ಹಾಡಡ’ ಹೇಳಿಬಿಟ್ಟಿದ್ರು.”